ಬೇಸ್ಗೇಲಿ ಗುಂಗುರು ಕೂದ್ಲು: ಬಾಚೋದು ಕಮ್ಮಿ ಮಾಡಿ, ನೀರು ಜಾಸ್ತಿ ಕೊಡಿ

ಶಿವರಾತ್ರಿ ಮುಗೀತಿದ್ದಂಗೆ ನಮ್ ಶಿವಮೊಗ್ಗದಲ್ಲಿ ಬಿಸಿಲು ಶುರು, ಅದರ ಜೊತೆಗೇ ಗುಂಗುರು ಕೂದ್ಲಿನವರ ಗೋಳೂ ಶುರು. ನೆಟ್ಟಗಿನ ಕೂದ್ಲಿನವರು ಒಂದು ಕ್ಲಚರ್ ಸಿಗಿಸ್ಕೊಂಡು ಆರಾಮಾಗಿ ಓಡಾಡ್ತಿರ್ತಾರೆ, ನಮ್ದು ಮಾತ್ರ ಬೆಳಗ್ಗೆ ಕಟ್ಟಿದ್ದು ಹತ್ತು ಗಂಟೆಗೆಲ್ಲ ಎದ್ದು ನಿಂತಿರತ್ತೆ, ಸಾಲದ್ದಕ್ಕೆ ಮದುವೆ ಮನೇಲಿ ಸಿಕ್ಕ ಅತ್ತೆನೋ ಚಿಕ್ಕಮ್ಮನೋ "ಎಂತ ಮಾರಾಯ್ತಿ ಇದು, ಹಕ್ಕಿ ಗೂಡು! ಒಂಚೂರು ಎಣ್ಣೆ ಹಚ್ಚಿ ಬಾಚ್ಕಳದಲ್ವನೇ" ಅಂತಾರೆ. ಆ ಬಾಚೋದೇ ಸಮಸ್ಯೆ ಅಂತ ಅವ್ರಿಗೆ ಯಾರು ಹೇಳೋದು.

ಗುಂಗುರು ಕೂದ್ಲು ಒರಟಾಗಿ ಕಾಣೋದು ಆರೈಕೆ ಇಲ್ದೆ ಅಲ್ಲ, ಒಣಗಿರೋದ್ರಿಂದ. ನೆತ್ತಿ ಚರ್ಮದಲ್ಲಿ ತಾನಾಗೇ ಹುಟ್ಟೋ ಎಣ್ಣೆ ನೆಟ್ಟಗಿನ ಕೂದ್ಲಲ್ಲಿ ಸಲೀಸಾಗಿ ತುದಿವರೆಗೂ ಇಳಿಯತ್ತೆ, ಸುರುಳಿ ಇದ್ರೆ ದಾರೀಲೇ ನಿಂತ್ಬಿಡತ್ತೆ, ಹಾಗಾಗಿ ಬುಡ ಜಿಡ್ಡು ತುದಿ ಬರಡು. ಬರಡಾದ ತುದಿ ಗಾಳೀಲಿರೋ ತೇವ ಹೀರ್ಕೊಂಡು ಉಬ್ಬೋದನ್ನೇ ಪಾರ್ಲರಿನವರು ಫ್ರಿಜ್ (frizz) ಅನ್ನೋದು. ಒಣಗಿದ ಕೂದ್ಲಿಗೆ ಬಾಚಣಿಗೆ ಹಾಕಿದ್ರೆ ಒಟ್ಟಿಗಿದ್ದ ಸುರುಳಿ ಎಳೆ ಎಳೆಯಾಗಿ ಬಿಟ್ಕೊಂಡು ಇನ್ನೂ ಹರಡ್ಕೊಳತ್ತೆ. ಅದಕ್ಕೇ ಬಾಚೋದೆಲ್ಲ ಒದ್ದೆ ಇದ್ದಾಗ್ಲೇ ಮಾಡಿ ಮುಗಿಸಿ, ಒಣಗಿದ್ಮೇಲೆ ಬಾಚಣಿಗೆ ಹಾಕ್ಬೇಡಿ.

ಮೊದ್ಲು ಎಣ್ಣೆ

ಎಣ್ಣೆ ಹಚ್ಚೋದು ತಲೆಸ್ನಾನಕ್ಕೆ ಒಂದು ಗಂಟೆ ಮುಂಚೆ, ಅದೂ ಬುಡಕ್ಕಲ್ಲ, ಕಿವಿಯಿಂದ ಕೆಳಗಿನ ಉದ್ದಕ್ಕೆ. ತೆಂಗಿನೆಣ್ಣೆನೇ ಸಾಕು, ಸಾವಿರ ರೂಪಾಯಿ ಸೀರಮ್ ಬೇಡ. 2003ರಲ್ಲಿ ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ, ಮಿನರಲ್ ಆಯಿಲ್ ಮೂರನ್ನೂ ಹೋಲಿಸಿ ಒಂದು ಅಧ್ಯಯನ ಬಂದಿತ್ತು, ಅದ್ರಲ್ಲಿ ಕೂದ್ಲಿಂದ ಪ್ರೋಟೀನ್ ಸೋರಿ ಹೋಗೋದನ್ನ ಕಮ್ಮಿ ಮಾಡಿದ್ದು ತೆಂಗಿನೆಣ್ಣೆ ಒಂದೇ. ಅದರಲ್ಲಿರೋ ಲಾರಿಕ್ ಆಸಿಡ್ ಸಣ್ಣದು, ಕೂದ್ಲೊಳಗೆ ಇಳಿಯತ್ತೆ. ರಾತ್ರಿಯಿಡೀ ನೆತ್ತಿಗೆ ಎಣ್ಣೆ ಸುರ್ಕೊಂಡು ಮಲಗೋ ಪದ್ಧತಿ ಬೇಸ್ಗೇಲಿ ಬಿಟ್ಬಿಡಿ, ಹೊಟ್ಟು ಬರಿಸೋ ಫಂಗಸ್ ಬದುಕೋದೇ ಜಿಡ್ಡು ತಿಂದು, ಬೆವರಿನ ಜೊತೆ ಎಣ್ಣೆನೂ ಸಿಕ್ಕಿದ್ರೆ ಅದಕ್ಕೆ ಹಬ್ಬ.

ತಲೆಸ್ನಾನ

ಮಲೆನಾಡಿನ ಬಚ್ಚಲು ಮನೆ ಅಂದ್ರೆ ಹಂಡೆ, ಹಂಡೆ ಅಂದ್ರೆ ಕುದಿಯೋ ನೀರು. ಮೈಗೆ ಸುಖ, ಆದ್ರೆ ಕೂದ್ಲಲ್ಲಿರೋ ಚೂರುಪಾರು ಜಿಡ್ಡೂ ತೊಳ್ಕೊಂಡು ಹೋಗತ್ತೆ. ತಲೆಗೆ ಉಗುರು ಬೆಚ್ಚಗಿನ ನೀರು, ಕೊನೇ ಎರಡು ಚೊಂಬು ತಣ್ಣೀರು. ವಾರಕ್ಕೆ ಎರಡು ಸಲ ಸಾಕು. ಇನ್ನೂ ಬಿಗಿ ಸುರುಳಿ ಇರೋರು, ಅಂದ್ರೆ ಯಲ್ಲಾಪುರ ಹಳಿಯಾಳದ ಕಡೆ ನಮ್ ಸಿದ್ದಿ ಅಕ್ಕತಂಗೀರಿಗೆ ಇರೋ ಥರದ ಕೂದ್ಲಿನವರು, ವಾರಕ್ಕೆ ಒಂದೇ ಸಲ ಮಾಡಿದ್ರೂ ನಡೆಯತ್ತೆ, ತಲೆನ ನಾಲ್ಕು ಭಾಗ ಮಾಡಿ ಒಂದೊಂದೇ ತೊಳೀಬೇಕು ಅಷ್ಟೇ.

ಮೈ ಸೋಪು ತಲೆಗೆ ಬೇಡವೇ ಬೇಡ, ಅದು ಕ್ಷಾರ, ಕೂದ್ಲಿನ ಮೇಲಿನ ಪದರ ಬಿಚ್ಕೊಂಡು ಒರಟಾಗತ್ತೆ. ಸೀಗೆಪುಡಿ ಒಳ್ಳೇದೇ, ಆದ್ರೆ ಬರೀ ಸೀಗೆ ಹಾಕಿದ್ರೆ ಒಣಗ್ಸತ್ತೆ, ಪುಡಿ ತರಿತರಿ ಇದ್ರಂತೂ ಸುರುಳಿ ಒಳಗೆ ಕೂತು ಎರಡು ದಿನ ಭುಜದ ಮೇಲೆ ಉದುರ್ತಿರತ್ತೆ. ನಮ್ ಅಜ್ಜಿಯರು ಇದಕ್ಕೆ ಜೊತೆ ಮಾಡಿದ್ದು ದಾಸವಾಳ ಸೊಪ್ಪಿನ ಗೊಂಪು. ಎರಡು ಹಿಡಿ ಎಲೆ ನೀರಲ್ಲಿ ಹಾಕಿ ಕೈಯಲ್ಲಿ ಹಿಸುಕ್ತಾ ಹೋಗಿ, ಮೊದ್ಲು ಬರೀ ಹಸಿರು ನೀರು, ಆಮೇಲೆ ಬೆರಳು ಎತ್ತಿದ್ರೆ ಲೋಳೆ ಎಳೆ ಎಳೆಯಾಗಿ ಇಳಿಯತ್ತೆ, ಆಗ ತೆಳು ಬಟ್ಟೇಲಿ ಸೋಸಿ. ಸೋಸ್ದೇ ಹಚ್ಚಿದ್ರೆ ಎಲೆ ಚೂರು ಹೆಕ್ಕೋದ್ರಲ್ಲೇ ಸಂಜೆ ಆಗತ್ತೆ. ಸೀಗೆನೋ ಶಾಂಪೂನೋ ನೆತ್ತಿಗೆ ಮಾತ್ರ, ಗೊಂಪು ಉದ್ದಕ್ಕೆ.

ಗೊಂಪು ಅಥ್ವಾ ಕಂಡಿಷನರ್ ತಲೇಲಿ ಇದ್ದಾಗ್ಲೇ ಸಿಕ್ಕು ಬಿಡಿಸ್ಬೇಕು, ತುದಿಯಿಂದ ಶುರು ಮಾಡಿ ಮೇಲಕ್ಕೆ, ಮೊದ್ಲು ಬೆರಳು, ಆಮೇಲೆ ಅಗಲ ಹಲ್ಲಿನ ಬಾಚಣಿಗೆ. ವಾರದಲ್ಲಿ ಬಾಚಣಿಗೆ ಮುಟ್ಟೋದು ಆಗ ಮಾತ್ರ. ಬೋರ್‌ವೆಲ್ ಗಡಸು ನೀರಿದ್ರೆ ಜಾಸ್ತಿ ತೊಳೀಬೇಕಾಗತ್ತೆ, ಬಾವಿ ಇರೋರು ಪುಣ್ಯವಂತರು.

ಅಗಸೆ ಜೆಲ್

ಗಾಂಧಿ ಬಜಾರಲ್ಲಿ ನೂರು ಗ್ರಾಂ ಅಗಸೆ ಬೀಜ ತಂದ್ರೆ ತಿಂಗಳು ಬರತ್ತೆ. ಎರಡು ಚಮಚ ಬೀಜ, ಎರಡು ಲೋಟ ನೀರು, ಸಣ್ಣ ಉರಿ, ಸೌಟಲ್ಲಿ ತಿರುವ್ತಾ ಇರಿ. ಗಟ್ಟಿಯಾಗೋವರೆಗೂ ಕಾಯ್ಬೇಡಿ, ಲೋಳೆ ಶುರುವಾದ ಕೂಡ್ಲೇ ಇಳಿಸಿ ಬಿಸಿ ಇದ್ದಾಗ್ಲೇ ಸೋಸಿ, ಆರಿದ್ಮೇಲೆ ಸೋಸ್ತೀನಿ ಅಂದ್ರೆ ಜರಡಿಗೇ ಅಂಟ್ಕೊಂಡು ಕೂರತ್ತೆ. ಫ್ರಿಜ್ಜಲ್ಲಿ ಒಂದು ವಾರ ಇಡ್ಬೋದು, ವಾಸನೆ ಬಂದ್ರೆ ಚೆಲ್ಲಿ.

ನೀರು ತೊಟ್ಟಿಕ್ತಿರೋ ಕೂದ್ಲಿಗೇ ಜೆಲ್ ಹಚ್ಬೇಕು. ತಲೆ ಬಗ್ಗಿಸಿ, ಅಂಗೈಯಲ್ಲಿ ತುದಿಯಿಂದ ಮೇಲಕ್ಕೆ ಹಿಸುಕಿ, ಪಚಪಚ ಸದ್ದು ಬರ್ಬೇಕು, ಬರ್ಲಿಲ್ಲ ಅಂದ್ರೆ ನೀರು ಸಾಲ್ದು. ಆಮೇಲೆ ಟರ್ಕಿ ಟವೆಲ್ ತಗೊಂಡು ಗಸಗಸ ಉಜ್ಬೇಡಿ, ಮನೇಲಿರೋ ಹಳೇ ಪಾಣಿಪಂಚೆನೇ ಇದಕ್ಕೆ ಹೇಳಿ ಮಾಡಿಸಿದ್ದು, ಒತ್ತಿ ನೀರು ತೆಗೀರಿ ಅಷ್ಟೇ. ನೆರಳಲ್ಲಿ ಒಣಗಲಿ. ಒಣಗಿದಾಗ ಗರಿಗರಿ ಅನ್ಸತ್ತೆ, ಗಾಬರಿ ಬೇಡ, ಕೈಗೆ ಎರಡು ಹನಿ ಎಣ್ಣೆ ಸವರ್ಕೊಂಡು ಇನ್ನೊಮ್ಮೆ ಹಿಸುಕಿದ್ರೆ ಮೆತ್ತಗಾಗತ್ತೆ.

ಅಂಗಡಿ ಜೆಲ್ ತಗೊಳೋದಾದ್ರೆ ಗ್ಲಿಸರಿನ್ ಇದೆಯಾ ನೋಡಿ. ಗ್ಲಿಸರಿನ್ ನೀರನ್ನ ಎಳ್ಕೊಳೋ ವಸ್ತು. ಮಾರ್ಚಲ್ಲಿ ಒಣ ಗಾಳಿ, ಎಳೆಯೋಕೆ ಗಾಳೀಲಿ ನೀರಿಲ್ಲ, ಕೂದ್ಲಿನ ನೀರನ್ನೇ ಹೊರಗೆಳಿಯತ್ತೆ. ಏಪ್ರಿಲ್ ಕೊನೆಗೆ ಗುಡುಗು ಮಳೆ ಶುರುವಾದ್ಮೇಲೆ ತೀರ್ಥಹಳ್ಳಿ ಆಗುಂಬೆ ಕಡೆ ಗಾಳಿನೇ ಒದ್ದೆ, ಆಗ ಅತಿಯಾಗಿ ಎಳ್ಕೊಂಡು ಕೂದ್ಲು ಊದ್ಕೊಳತ್ತೆ. ಅದಕ್ಕೇ ಒಂದೇ ಬಾಟಲಿ ಒಂದು ತಿಂಗಳು ಸೂಪರ್, ಇನ್ನೊಂದು ತಿಂಗಳು ದಂಡ.

ಕಟ್ಟೋದು, ಉಡೋದು

ಸೆಕೆಗೆ ಕುತ್ತಿಗೆ ಬಿಡುವಾಗಿರ್ಬೇಕು, ಸಡಿಲ ತುರುಬು ಇಲ್ಲಾ ಸಡಿಲವಾದ ಎರಡು ಜಡೆ. ದಿನಾ ಎಳೆದು ಬಿಗಿದು ಕಟ್ಟಿದ್ರೆ ಹಣೆ ಅಂಚಿನ ಕೂದ್ಲು ಉದುರತ್ತೆ. ಗಾಡಿ ಓಡ್ಸೋರು ಹೆಲ್ಮೆಟ್ ಒಳಗೆ ತೆಳು ಕಾಟನ್ ಬಟ್ಟೆ ಹಾಕಿ, ಬಸ್ಸಲ್ಲಿ ಕಿಟಕಿ ಪಕ್ಕ ಕೂರೋರು ದುಪ್ಪಟ್ಟಾ ಸುತ್ಕೊಳಿ. ರಾತ್ರಿಗೆ ಹಳೇ ರೇಷ್ಮೆ ಸೀರೆ ತುಂಡಿನ ದಿಂಬಿನ ಕವರ್ ಹೊಲಿಸ್ಕೊಂಡ್ರೆ ಬೆಳಗ್ಗೆ ಅರ್ಧ ಸಿಕ್ಕು ಇರಲ್ಲ.

ತಲೇಲಿ ಇಷ್ಟು ಗಾತ್ರ ಇದ್ಮೇಲೆ ಬಟ್ಟೆ ಸರಳ ಇದ್ರೇ ಚೆಂದ. ಕಾಲರ್ ಇಲ್ಲದ ಕೈಮಗ್ಗದ ಕುರ್ತಾ, ಹೆಗ್ಗೋಡಿನ ಚರಕ ಅನ್ನೋ ಕೈಮಗ್ಗ ಸಂಘದವರು ನೇಯೋ ಥರದ್ದು, ಅಡಿಕೆ ಬೇಯಿಸಿದ ಚೊಗರಿನ ಕಂದು ಬಣ್ಣ ಬೆವರಿದ್ರೂ ಕೊಳೆ ತೋರ್ಸಲ್ಲ. ಕೊಕ್ಕೆ ಇರೋ ಜುಮ್ಕಿ ಸುರುಳಿಗೆ ಸಿಕ್ಕಾಕ್ಕೊಳತ್ತೆ, ಓಲೆ ಹಾಕಿ. ನಮಗಿರೋ ಒಂದು ಲಾಭ ಅಂದ್ರೆ ಹೂವು: ಸುರಗಿ ಮಾಲೆ ಪಿನ್ ಇಲ್ದೆನೇ ಸಂಜೆವರೆಗೂ ಜಾರಲ್ಲ.

ಕಟಿಂಗ್, ಸ್ಮೂತನಿಂಗ್

ಕಟ್ ಮಾಡಿಸೋದಿದ್ರೆ ಒಣಗಿದ ಕೂದ್ಲನ್ನೇ ಮಾಡಿ ಅಂತ ಹೇಳಿ, ಒದ್ದೆ ಎಳೆದು ಕತ್ತರಿಸಿದ್ರೆ ಒಣಗಿದ್ಮೇಲೆ ಸುರುಳಿ ಮೇಲೆ ಹೋಗಿ ಕೂರತ್ತೆ. ಇಸ್ತ್ರಿ ಹೊಡೆದು ನೆಟ್ಟಗೆ ಮಾಡಿದ್ದು ಮಳೆ ಗಾಳಿ ಬಡಿದ್ರೆ ವಾಪಸ್ ಸುರುಳಿನೇ. ಕೆಮಿಕಲ್ ಹಾಕಿ ಸ್ಮೂತನಿಂಗ್ ಮಾಡ್ಸಿದ್ದು ನಿಲ್ಲತ್ತೆ, ಆದ್ರೆ ಬುಡದಿಂದ ಹೊಸದಾಗಿ ಬರೋದು ಗುಂಗುರೇ, ಎರಡೂ ಕೂಡೋ ಜಾಗದಲ್ಲಿ ಪಟಪಟ ಮುರಿಯತ್ತೆ. ಈಗಾಗ್ಲೇ ಮಾಡ್ಸಿರೋರು ಪೂರ್ತಿ ಬೋಳಿಸ್ಬೇಕಿಲ್ಲ, ಎರಡು ತಿಂಗಳಿಗೊಮ್ಮೆ ಒಂದೊಂದು ಇಂಚು ತುದಿ ತೆಗೆಸ್ತಾ ಹೋಗಿ, ಅಲ್ಲಿವರೆಗೂ ಜಡೆ ಹಾಕ್ಕೊಂಡ್ರೆ ಎರಡು ಥರ ಇರೋದು ಯಾರಿಗೂ ಕಾಣಲ್ಲ.