ಕೋಳಿಗೂಡಿನ ಹೊಟ್ಟನ್ನು ಕಸಕ್ಕೆ ಹಾಕಬೇಡಿ

ಗೋವಾದಲ್ಲಿ ಹಿತ್ತಲಲ್ಲಿ ಕೋಳಿ ಸಾಕಿರುವ ಕನ್ನಡದವರ ಮನೆಗೆ ಹೋದಾಗಲೆಲ್ಲ ಒಂದು ವಿಷಯ ನೋಡಿ ನನ್ನ ಹೊಟ್ಟೆ ಉರಿಯುತ್ತದೆ. ಗೂಡು ಗುಡಿಸಿದ, ಹಿಕ್ಕೆ ಬೆರೆತ ಹೊಟ್ಟನ್ನು ಚೀಲಕ್ಕೆ ತುಂಬಿ ಕಸಕ್ಕೆ ಕೊಡುತ್ತಾರೆ. ಆಮೇಲೆ ಅದೇ ಮನೆಯವರು ಪೇಟೆಯಿಂದ ದುಡ್ಡು ಕೊಟ್ಟು ಗೊಬ್ಬರ ತರುತ್ತಾರೆ!

ನಾವು ಕುಮಟಾ ಕಡೆಯವರು, ಈಗ ಫೋಂಡಾದಲ್ಲಿದ್ದೇವೆ. ನಮ್ಮ ಗೂಡಿಗೆ ಅಕ್ಕಿ ಗಿರಣಿಯ ಭತ್ತದ ಹೊಟ್ಟು ಮತ್ತು ಒಣಗಿದ ತರಗೆಲೆ ಹಾಸುತ್ತೇನೆ, ಸುಮಾರು ನಾಲ್ಕು ಇಂಚು ದಪ್ಪ. ಇದನ್ನು ವಾರವಾರ ತೆಗೆಯಬೇಕಿಲ್ಲ. ಒಂದು ಹಿಡಿ ಅಕ್ಕಿನುಚ್ಚು ಎರಚಿದರೆ ಕೋಳಿಗಳೇ ಕೆದಕಿ ಮೇಲೆ ಕೆಳಗೆ ಮಾಡುತ್ತವೆ. ಕೋಳಿ ಕೂರುವ ಕೋಲಿನ ಕೆಳಗೆ, ನೀರಿನ ಬಟ್ಟಲಿನ ಸುತ್ತ ಮಾತ್ರ ಹಾಸು ಒದ್ದೆಯಾಗಿ ಗಟ್ಟಿ ಕಟ್ಟುತ್ತದೆ. ಅಷ್ಟನ್ನು ತೆಗೆದು ಒಣ ಹೊಟ್ಟು ಸೇರಿಸಿದರೆ ಸಾಕು. ಹಾಸು ಬದಲಿಸಬೇಕೋ ಬೇಡವೋ ಅಂತ ತಿಳಿಯಲು ಗೂಡಿನಲ್ಲಿ ಕುಕ್ಕರಗಾಲಲ್ಲಿ ಕೂತು, ಮೂಗನ್ನು ಕೋಳಿಯ ಎತ್ತರಕ್ಕೆ ತಂದು ನೋಡಿ. ಹಿಕ್ಕೆಯಿಂದ ಏಳುವ, ನಿಂತಾಗ ಗೊತ್ತಾಗದ ಅಮೋನಿಯಾ ಅನಿಲ ಅಲ್ಲಿ ಕಣ್ಣಿಗೆ ಚುರುಕ್ ಅನ್ನುತ್ತದೆ. ಕೋಳಿ ಇಡೀ ರಾತ್ರಿ ಉಸಿರಾಡುವುದು ಆ ಗಾಳಿಯನ್ನೇ ಅಲ್ವಾ?

ಪಕ್ಕದ ಮನೆಯ ವಿಜಯಪುರದ ಅಕ್ಕ ಒಮ್ಮೆ ಕೇಳಿದರು: "ಅಕ್ಕಾರ, ಈ ಹೊಟ್ಟು ಹಂಗೇ ಮೆಣಸಿನಗಿಡಕ್ಕ ಹಾಕಲೇನ್ರಿ?"

"ಹಸೀದು ಬೇಡ ಅಕ್ಕಾ, ಬೇರು ಸುಟ್ಟು ಹೋಗತ್ತೆ" ಅಂದೆ.

ಕೋಳಿ ಹಿಕ್ಕೆಯಲ್ಲಿ ಸಾರಜನಕ ಜಾಸ್ತಿ. ಜೊತೆಗೆ ಸಾಲ್ಮೊನೆಲ್ಲಾದಂಥ ರೋಗಾಣುಗಳೂ ಇರಬಹುದು. ಅದಕ್ಕೇ ಮೊದಲು ಕೊಳೆಸಬೇಕು. ರಾಶಿ ಉದ್ದ, ಅಗಲ, ಎತ್ತರ ಮೂರೂ ಕಡೆ ಮೂರಡಿ ಇದ್ದರೆ ಒಳಗೆ ಬಿಸಿ ಹಿಡಿಯುತ್ತದೆ, ಚಿಕ್ಕದಾದರೆ ಸುಮ್ನೆ ತಣ್ಣಗೆ ಬಿದ್ದಿರುತ್ತದೆ. ನಾನು ಹೊಟ್ಟಿನ ನಡುನಡುವೆ ಗೊಬ್ಬರದ ಗಿಡದ (ಗ್ಲಿರಿಸಿಡಿಯಾ) ಸೊಪ್ಪು, ಅಡುಗೆಮನೆಯ ತರಕಾರಿ ಸಿಪ್ಪೆ ಹಾಕುತ್ತೇನೆ. ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬರುವಷ್ಟು ತೇವ ಬೇಕು. ಹಿಂಡಿದಾಗ ನೀರು ಧಾರೆಯಾಗಿ ಬಂದರೆ ಜಾಸ್ತಿಯಾಯಿತು, ತರಗೆಲೆ ಸೇರಿಸಬೇಕು. ವಾಸನೆ ಹೋಗಲಿ ಅಂತ ಸುಣ್ಣ ಎರಚುವವರಿದ್ದಾರೆ, ಅದು ಬೇಡ. ಸುಣ್ಣ ಬಿದ್ದರೆ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಬೂದಿಯ ಕಥೆಯೂ ಅದೇ.

ಬಿಸಿ ನೋಡಲು ಕಬ್ಬಿಣದ ಸಲಾಕೆಯೊಂದನ್ನು ರಾಶಿಯ ನಡುವಿಗೆ ಚುಚ್ಚಿಟ್ಟಿದ್ದೇನೆ. ಎಳೆದು ತುದಿ ಮುಟ್ಟಿದರೆ ಕೈ ಹಿಡಿಯಲಾಗಬಾರದು. ರೋಗಾಣು ಸಾಯಲು 55 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಕೆಲವು ದಿನ ನಿಲ್ಲಬೇಕು. ಸಲಾಕೆ ಅಷ್ಟು ಕರಾರುವಾಕ್ಕಾಗಿ ಹೇಳುವುದಿಲ್ಲ, ಹಾಗಾಗಿ ಥರ್ಮಾಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಬಿಸಿ ಇಳಿದಾಗ ಹೊರಗಿನದು ಒಳಗೆ ಹೋಗುವಂತೆ ಮಗುಚುತ್ತೇನೆ. ಆಗ ಧೂಳು ಏಳುತ್ತದೆ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಕೋಳಿಗೆ ರೋಗ ಬಂದಿದ್ದರೆ ಮಾತ್ರ ಆ ಹಾಸನ್ನು ಬಳಸಲೇಬೇಡಿ, ಮೊದಲು ಪಶುವೈದ್ಯರನ್ನು ಕೇಳಿ.

ಇಲ್ಲಿಯ ದೊಡ್ಡ ತಲೆನೋವು ಮಳೆ. ಜೂನ್‌ನಿಂದ ಸುರಿಯಲು ಶುರುವಾದರೆ ಬಯಲಲ್ಲಿಟ್ಟ ರಾಶಿಯ ಸತ್ವವೆಲ್ಲ ಕೆಂಪು ನೀರಿನ ಜೊತೆ ಹರಿದು ಹೋಗುತ್ತದೆ. ಆ ನೀರು ಬಾವಿ ಸೇರಿದರೆ ಇನ್ನೂ ಕಷ್ಟ. ಅದಕ್ಕೆ ಬಾವಿಯಿಂದ ದೂರ, ಇಳಿಜಾರಿನ ಕೆಳಗಡೆ ರಾಶಿ ಮಾಡಿ, ಮೇಲೆ ತಾಡಪತ್ರಿ ಹೊದಿಸುತ್ತೇನೆ. ಹಳೆಯ ಹಾಸನ್ನು ಪೂರ್ತಿ ಬದಲಿಸುವ ಕೆಲಸ ಬೇಸಿಗೆಯಲ್ಲೇ ಮುಗಿಸುತ್ತೇನೆ.

ಮಗುಚಿದರೂ ಮತ್ತೆ ಬಿಸಿಯೇರದೆ ಮಣ್ಣಿನ ವಾಸನೆ ಬಂದರೆ ಗೊಬ್ಬರ ಹದಕ್ಕೆ ಬಂತು. ಆಮೇಲೂ ಒಂದೆರಡು ತಿಂಗಳು ಬಿಡುತ್ತೇನೆ. ಭತ್ತದ ಹೊಟ್ಟಿನಲ್ಲಿ ಸಿಲಿಕಾ ಇರುವುದರಿಂದ ಅದು ಬೇಗ ಕರಗುವುದಿಲ್ಲ, ಅಲ್ಲಲ್ಲಿ ಕಾಣುತ್ತಲೇ ಇರುತ್ತದೆ. ಇರಲಿ ಬಿಡಿ, ನಮ್ಮ ಗಟ್ಟಿ ಜಂಬಿಟ್ಟಿಗೆ ಮಣ್ಣು ಅದರಿಂದ ಸಡಿಲವಾಗುತ್ತದೆ. ತೆಂಗಿಗೆ ಕಾಂಡಕ್ಕೆ ತಾಗಿಸದೆ ಪಾತಿಯ ಸುತ್ತ ಹಾಕುತ್ತೇನೆ. ಬಸಳೆ, ಹರಿವೆ, ಮೆಣಸಿಗೆ ಬುಡಕ್ಕೊಂದು ಬೊಗಸೆ. ಹಸಿಯಾಗಿ ತಿನ್ನುವ ಕೊತ್ತಂಬರಿಯಂಥದ್ದಕ್ಕೆ ಪೂರ್ತಿ ಮಾಗಿದ್ದು ಮಾತ್ರ. ಅಮೆರಿಕದ ಸಾವಯವ ಕೃಷಿ ನಿಯಮದ ಪ್ರಕಾರ ತಿನ್ನುವ ಭಾಗ ಮಣ್ಣಿಗೆ ತಾಗುವ ಬೆಳೆಯಾದರೆ ಹಸಿ ಗೊಬ್ಬರ ಹಾಕಿದ ಮೇಲೆ ಕೊಯ್ಲಿಗೆ 120 ದಿನ ಕಾಯಬೇಕು, ತಾಗದ ಬೆಳೆಯಾದರೆ 90 ದಿನ.

ಮಾಗಿದ ಗೊಬ್ಬರವನ್ನು ಜರಡಿ ಹಿಡಿದಾಗ ಉಳಿದ ದಪ್ಪ ಹೊಟ್ಟು ಮುಂದಿನ ರಾಶಿಯ ತಳಕ್ಕೆ ಹೋಗುತ್ತದೆ. ಕೊಳೆಸುವ ಸೂಕ್ಷ್ಮಜೀವಿಗಳು ಅದರಲ್ಲಿ ಆಗಲೇ ಇರುವುದರಿಂದ ಹೊಸ ರಾಶಿ ಬೇಗ ಕೆಲಸ ಶುರು ಮಾಡುತ್ತದೆ.