ಬೇಸ್ ನುಡಿಸುವವರೇ, ಡಿಐ ಬಾಕ್ಸ್ ನಿಮ್ಮದೇ ಇರಲಿ
ಪುಣೆಯಲ್ಲಿ ಗಣೇಶೋತ್ಸವ, ರಾಜ್ಯೋತ್ಸವ ಅಂತ ಬೇಸ್ ಗಿಟಾರ್ ನುಡಿಸುವ ಗೆಳೆಯರಿಗೆ ಒಂದು ಮಾತು. ದೊಡ್ಡ ಆಂಪ್ ಹೊತ್ತು ತಿರುಗುವುದಕ್ಕಿಂತ ಮೊದಲು ಒಂದು ಒಳ್ಳೆಯ ಡಿಐ ಬಾಕ್ಸ್ ಕೊಳ್ಳಿ. ಗಿಟಾರಿನ ಸಿಗ್ನಲನ್ನು ದೂರದ ಮಿಕ್ಸರ್‌ಗೆ ಕಳಿಸಲು ತಕ್ಕಂತೆ ಬದಲಿಸುವ ಪುಟ್ಟ ಪೆಟ್ಟಿಗೆ ಅದು. ಪೆಂಡಾಲಿನಲ್ಲಿ ಮಿಕ್ಸರ್ ದೂರ ಇರುತ್ತದೆ, ಅಲ್ವಾ? ಗಿಟಾರ್ ಕೇಬಲನ್ನೇ ಅಲ್ಲಿಯವರೆಗೆ ಎಳೆದರೆ ಸದ್ದಿನ ಹೊಳಪು ಹೋಗುತ್ತದೆ, ಗುಂಯ್ ಅನ್ನುವ ಶಬ್ದ ಸೇರುತ್ತದೆ. ಡಿಐ ಮೂಲಕ, ಮೈಕಿಗೆ ಹಾಕುವಂಥ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕೇಬಲ್‌ನಲ್ಲಿ ಕಳಿಸಿದರೆ ಈ ಕಾಟ ತುಂಬಾ ಕಡಿಮೆ. ಬೇಸ್‌ನಲ್ಲಿ ಬ್ಯಾಟರಿ ಇಲ್ಲದಿದ್ದರೆ, ಅಂದರೆ ಪ್ಯಾಸಿವ್ ಆಗಿದ್ದರೆ, ಆಕ್ಟಿವ್ ಡಿಐ, ಅಂದರೆ ವಿದ್ಯುತ್ತಿನಿಂದ ನಡೆಯುವಂಥದ್ದು, ತೆಗೆದುಕೊಳ್ಳಿ. ಸೌಂಡ್‌ನವರಿಗೆ 48 ವೋಲ್ಟ್ ಫ್ಯಾಂಟಮ್, ಅಂದರೆ ಮಿಕ್ಸರ್‌ನಿಂದ ಅದೇ ಕೇಬಲ್‌ನಲ್ಲಿ ಡಿಐಗೆ ಬರುವ ವಿದ್ಯುತ್ತು, ಆನ್ ಮಾಡಲು ಹೇಳಿ.

ಆಮೇಲೂ ಗುಂಯ್ ನಿಲ್ಲದಿದ್ದರೆ ಡಿಐ ಮೇಲಿನ ಗ್ರೌಂಡ್ ಲಿಫ್ಟ್ ಸ್ವಿಚ್ (ಸಿಗ್ನಲ್ ಕೇಬಲ್‌ನ ಗ್ರೌಂಡ್ ಸಂಪರ್ಕ ಬಿಡಿಸುವಂಥದ್ದು) ಒತ್ತಿ ನೋಡಿ. ಆಂಪ್ ಪ್ಲಗ್‌ನ ಅರ್ತ್ ಪಿನ್ ಮಾತ್ರ ಯಾರು ಹೇಳಿದರೂ ತೆಗೆಯಬೇಡಿ. ಗಣೇಶೋತ್ಸವ ಅಂದರೆ ಮಳೆಗಾಲ, ಒದ್ದೆ ಸ್ಟೇಜು. ಕೈಯಲ್ಲಿ ತಂತಿ, ತುಟಿಗೆ ಮೈಕು. ಅರ್ತ್ ಇಲ್ಲದೆ ಶಾಕ್ ಹೊಡೆದರೆ ಜೀವಕ್ಕೇ ಅಪಾಯ.

ಇನ್ನು ಹಾಲ್‌ನಲ್ಲಿ ಸದ್ದು ಕಲಸಿಹೋದರೆ ಬೇಸ್ ನಾಬ್ ತಿರುಗಿಸಿ ಏರಿಸಬೇಡಿ. ನಾಲ್ಕು ತಂತಿಯ ಬೇಸ್‌ನ ಕೆಳಗಿನ ಇ ಸ್ವರ ಸುಮಾರು 41 ಹರ್ಟ್ಸ್. ಅದಕ್ಕಿಂತ ಕೆಳಗಿನದನ್ನು ಹೈ ಪಾಸ್ ಫಿಲ್ಟರ್‌ನಲ್ಲಿ ಕತ್ತರಿಸಿ, ಮಿಡ್ ಸ್ವಲ್ಪ ಜಾಸ್ತಿ ಮಾಡಿ. ಹಿಂದಿನ ಸಾಲಿನವರಿಗೂ ಸ್ವರ ಬಿಡಿಬಿಡಿಯಾಗಿ ಕೇಳುತ್ತದೆ.