ಸಮವಸ್ತ್ರ ಕಳಚುವ ಮೊದಲು: ಕಾಸರಗೋಡಿನ ಸೇನಾ ಪೈಲಟ್‌ಗಳು ನಾಗರಿಕ ವೃತ್ತಿಗೆ ಸಿದ್ಧರಾಗುವ ಬಗೆ

ಶಾರ್ಟ್ ಸರ್ವಿಸ್ ಕಮಿಷನ್, ಅಂದರೆ ನಿಗದಿತ ಅವಧಿಯ ಅಧಿಕಾರಿ ಹುದ್ದೆ, ಪಡೆದು ಭಾರತೀಯ ವಾಯುಪಡೆಯ ಹಾರಾಟ ವಿಭಾಗ ಸೇರಿದ ಅಧಿಕಾರಿಯ ಸೇವಾವಧಿ 14 ವರ್ಷ. ಇಪ್ಪತ್ತಮೂರರ ಆಸುಪಾಸಿನಲ್ಲಿ ಸೇರಿದವರು ಮೂವತ್ತೇಳರ ಹೊತ್ತಿಗೆ ಹೊರಬರುತ್ತಾರೆ. ಪಿಂಚಣಿಗೆ ಕಾಯಂ ಕಮಿಷನ್ನಿನಲ್ಲಿ ಕನಿಷ್ಠ 20 ವರ್ಷಗಳ ಸೇವೆ ಬೇಕಾದ್ದರಿಂದ ಇವರ ಕೈಗೆ ಬರುವುದು ಮುಖ್ಯವಾಗಿ ಗ್ರಾಚ್ಯುಟಿ ಮತ್ತು ತಾವೇ ಕೂಡಿಟ್ಟ ಭವಿಷ್ಯ ನಿಧಿ. ನಾಗರಿಕ ವಿಮಾನಯಾನದಲ್ಲಿಯಾದರೆ ಪೈಲಟ್ ತನ್ನ 65ನೆಯ ವಯಸ್ಸಿನವರೆಗೆ ಹಾರಬಹುದು. ಸೇನೆಯಲ್ಲಿ ಕಳೆದದ್ದರ ಎರಡರಷ್ಟು ಕಾಲ ಇನ್ನೂ ಮುಂದಿದೆ ಎಂಬುದನ್ನು ನೆನಪಿಟ್ಟುಕೊಂಡೇ ಈ ಸಿದ್ಧತೆಗೆ ತೊಡಗಬೇಕು.

ವಾಯುಪಡೆಯ ಸಾರಿಗೆ ವಿಮಾನಗಳನ್ನು ಹಾರಿಸಿ, ಬಳಿಕ ನಾಗರಿಕ ಲೈಸೆನ್ಸ್ ಪಡೆದವನು ನಾನು. ಬದಿಯಡ್ಕ, ಕುಂಬಳೆ, ಮಂಜೇಶ್ವರ ಕಡೆಯ ಕೆಲವು ಕಿರಿಯರಿಗೆ ಅರ್ಜಿ ತುಂಬಿಸಲು ನೆರವಾದ ಅನುಭವದಿಂದ ಒಂದು ಮಾತನ್ನು ಖಚಿತವಾಗಿ ಹೇಳಬಲ್ಲೆ. ಹಾರುವ ವಿದ್ಯೆ ಸೈನ್ಯದ ಪೈಲಟ್‌ಗೆ ಆಗಲೇ ಸಿದ್ಧಿಸಿರುತ್ತದೆ. ಆದರೆ ಆ ವಿದ್ಯೆಯನ್ನು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಒಪ್ಪುವಂತೆ ತೋರಿಸಿಕೊಡುವ ಕಾಗದಪತ್ರಗಳು ಸಿದ್ಧವಾಗಿರುವುದಿಲ್ಲ. ಆ ಕಾಗದಗಳನ್ನು ಸೇವೆಯಲ್ಲಿರುವಾಗಲೇ, ಬಿಡುಗಡೆಗೆ ಕನಿಷ್ಠ ಮೂರು ವರ್ಷ ಮೊದಲೇ ಕೂಡಿಸತೊಡಗಬೇಕು.

ಕಾಸರಗೋಡಿನವರ ಮಟ್ಟಿಗೆ ಈ ಕೆಲಸ ಶಾಲೆಯ ಸರ್ಟಿಫಿಕೇಟಿನಿಂದಲೇ ಶುರುವಾಗುತ್ತದೆ. ಡಿಜಿಸಿಎ ಪರೀಕ್ಷೆ ಬರೆಯಲು ಮೊದಲು ಕಂಪ್ಯೂಟರ್ ನಂಬರ್, ಅಂದರೆ ಅಭ್ಯರ್ಥಿಯ ಗುರುತಿನ ಸಂಖ್ಯೆ, ಪಡೆಯಬೇಕು. ಅದಕ್ಕೆ ಹತ್ತನೆಯ ಮತ್ತು ಹನ್ನೆರಡನೆಯ ತರಗತಿಯ ಅಂಕಪಟ್ಟಿಗಳು ನೈಜವೆಂದು ಆಯಾ ಪರೀಕ್ಷಾ ಮಂಡಳಿಯೇ ದೃಢೀಕರಿಸಿದ ಪತ್ರ ಬೇಕು. ಹನ್ನೆರಡನೆಯ ತರಗತಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಓದಿರಬೇಕೆಂಬ ನಿಯಮವೂ ಇದೆ. ಭೂಸೇನೆಯ ಮೂಲಕ ಅದರ ಹಾರಾಟ ವಿಭಾಗವಾದ ಏವಿಯೇಷನ್ ಕೋರ್‌ಗೆ ಬಂದವರಲ್ಲಿ ಯಾರಾದರೂ ಈ ವಿಷಯಗಳನ್ನು ಓದಿರದಿದ್ದರೆ ಮುಕ್ತ ಶಾಲೆಯ ಮೂಲಕ ಬರೆದು ಮುಗಿಸಬಹುದು. ನಮ್ಮ ಕನ್ನಡ ಮಾಧ್ಯಮದ ಮಕ್ಕಳಲ್ಲಿ ಹಲವರು ಎಸ್‌ಎಸ್‌ಎಲ್‌ಸಿಯನ್ನು ಕೇರಳದಲ್ಲಿ ಮುಗಿಸಿ ಪಿಯುಸಿಗೆ ಮಂಗಳೂರಿಗೋ ಪುತ್ತೂರಿಗೋ ಹೋದವರು. ಅಂಥವರು ತಿರುವನಂತಪುರದ ಪರೀಕ್ಷಾ ಭವನಕ್ಕೂ ಬೆಂಗಳೂರಿನ ಮಂಡಳಿಗೂ ಬೇರೆ ಬೇರೆಯಾಗಿ ಬರೆಯಬೇಕಾಗುತ್ತದೆ. ಎರಡೂ ಕಡೆಯಿಂದ ಉತ್ತರ ಬರುವಷ್ಟರಲ್ಲಿ ತಿಂಗಳುಗಳು ಸರಿದಿರುತ್ತವೆ.

ಹೆಸರಿನ ವಿಷಯ ಇದಕ್ಕಿಂತಲೂ ಸೂಕ್ಷ್ಮವಾದದ್ದು. ಶಾಲೆಯ ದಾಖಲೆಯಲ್ಲಿ ಹೆಸರಿನ ಮುಂದೆ ಒಂದೇ ಅಕ್ಷರದ ಇನಿಶಿಯಲ್ ಇರುತ್ತದೆ. ಅದು ಮನೆಯದೋ, ಊರಿನದೋ, ತಂದೆಯದೋ ಆಗಿರಬಹುದು. ಸೇನೆ ಅದನ್ನು ಬಿಡಿಸಿ ಬರೆದಿರುತ್ತದೆ, ಪಾಸ್‌ಪೋರ್ಟಿನಲ್ಲಿ ಅದೇ ಕೊನೆಯ ಹೆಸರಾಗಿ ಕುಳಿತಿರುತ್ತದೆ. ಹುಟ್ಟೂರು ಒಂದು ಕಾಗದದಲ್ಲಿ ಮಂಜೇಶ್ವರವಾಗಿದ್ದರೆ ಇನ್ನೊಂದರಲ್ಲಿ ಮಂಜೇಶ್ವರಂ ಆಗಿರುತ್ತದೆ. ಈ ವ್ಯತ್ಯಾಸಗಳನ್ನು ರಜೆಯಲ್ಲಿ ಊರಿಗೆ ಬಂದಾಗಲೇ ಸರಿಪಡಿಸಿಕೊಳ್ಳಬೇಕು. ಎರಡೂ ಹೆಸರು ಒಬ್ಬ ವ್ಯಕ್ತಿಯದೇ ಎಂಬ ಸರ್ಟಿಫಿಕೇಟನ್ನು ವಿಲೇಜ್ ಆಫೀಸಿನಿಂದ ಪಡೆಯಬಹುದು. ಅಕ್ಷಯ ಕೇಂದ್ರದಲ್ಲಿ ಅದಕ್ಕೆ ಅರ್ಜಿ ಹಾಕಬಹುದು. ಹೆಸರನ್ನೇ ಬದಲಿಸಬೇಕಾಗಿ ಬಂದರೆ ಗಜೆಟ್ ಪ್ರಕಟಣೆಯೇ ದಾರಿ. ಎಲ್ಲ ದಾಖಲೆಗಳಿಗೂ ಹತ್ತನೆಯ ತರಗತಿಯ ಅಂಕಪಟ್ಟಿಯ ಹೆಸರನ್ನೇ ಆಧಾರವಾಗಿ ಇಟ್ಟುಕೊಳ್ಳುವುದು ಲೇಸು ಎಂದು ನನ್ನ ಅನಿಸಿಕೆ.

ಇನ್ನು ಲಾಗ್‌ಬುಕ್, ಅಂದರೆ ಪೈಲಟ್ ತನ್ನ ಹಾರಾಟಗಳನ್ನು ಬರೆದಿಡುವ ಪುಸ್ತಕ. ಸೈನ್ಯದಲ್ಲಿ ಹಾರಾಟದ ಸಮಯವನ್ನು ಸಾಮಾನ್ಯವಾಗಿ ನೆಲ ಬಿಟ್ಟಲ್ಲಿಂದ ನೆಲ ಮುಟ್ಟುವವರೆಗೆ ಲೆಕ್ಕ ಹಾಕುತ್ತಾರೆ. ನಾಗರಿಕ ನಿಯಮದಲ್ಲಿ ಹಾರಾಟಕ್ಕಾಗಿ ವಿಮಾನ ತನ್ನ ಬಲದಿಂದ ಚಲಿಸಿದ ಕ್ಷಣದಿಂದ ಹಾರಾಟ ಮುಗಿಸಿ ನಿಲ್ಲುವವರೆಗಿನ ಸಮಯ ಸೇರುತ್ತದೆ. ಅದರ ಜತೆಗೆ ಹಗಲು ಮತ್ತು ರಾತ್ರಿ, ಕ್ಯಾಪ್ಟನ್ ಆಗಿ ಹಾರಿದ್ದು ಮತ್ತು ಸಹಪೈಲಟ್ ಆಗಿ ಹಾರಿದ್ದು, ಉಪಕರಣಗಳನ್ನೇ ನೆಚ್ಚಿ ಹಾರಿದ್ದು, ಊರಿಂದೂರಿಗೆ ಹಾರಿದ್ದು ಎಂಬ ವಿಂಗಡಣೆಯನ್ನೂ ಡಿಜಿಸಿಎ ಕೇಳುತ್ತದೆ. ಸ್ಕ್ವಾಡ್ರನ್ನಿನಲ್ಲಿ ಇರುವಾಗಲೇ ಪ್ರತಿ ತಿಂಗಳ ಕೊನೆಗೆ ಈ ವಿಂಗಡಣೆಯಂತೆ ಒಂದು ನಾಗರಿಕ ಲಾಗ್‌ಬುಕ್ಕನ್ನೂ ಬರೆಯುತ್ತ ಹೋಗಿ, ಪ್ರತಿ ಪುಟಕ್ಕೂ ಮೇಲಧಿಕಾರಿಯ ಸಹಿ ಮತ್ತು ಮೊಹರು ಹಾಕಿಸಿಕೊಳ್ಳಬೇಕು. ಗೋಪ್ಯ ಕಾರ್ಯಾಚರಣೆಯ ವಿವರಗಳು ಅದರಲ್ಲಿ ಸೇರದಂತೆ ನೋಡಿಕೊಳ್ಳುವುದು ಬರೆಯುವವನ ಹೊಣೆ.

ನನ್ನ ಲಾಗ್‌ಬುಕ್ಕಿನ ಮೂರು ತಿಂಗಳ ಪುಟಗಳಿಗೆ ಸಹಿ ಬಿದ್ದಿರಲಿಲ್ಲ. ನಾನು ಬೇರೆಡೆಗೆ ವರ್ಗವಾದ ಬಳಿಕ ಆ ಘಟಕವೇ ನಂಬರ್ ಪ್ಲೇಟ್ ಆಯಿತು, ಎಂದರೆ ವಿಮಾನಗಳಿಲ್ಲದೆ ಹೆಸರು ಮಾತ್ರ ಉಳಿಯಿತು. ಸಹಿ ಹಾಕಬೇಕಾದ ಅಧಿಕಾರಿ ನಿವೃತ್ತರಾಗಿದ್ದರು. ಆ ಗಂಟೆಗಳನ್ನು ಒಪ್ಪಿಸಲು ಕಚೇರಿಯಿಂದ ಕಚೇರಿಗೆ ಬರೆಯುತ್ತ ಐದು ತಿಂಗಳು ಕಳೆದವು. ಅಷ್ಟರಲ್ಲಿ ನನ್ನೊಂದಿಗೆ ಬಿಡುಗಡೆ ಹೊಂದಿದವರು ಕೆಲಸಕ್ಕೆ ಸೇರಿಯಾಗಿತ್ತು. ವಿಮಾನ ಕಂಪನಿಗಳಲ್ಲಿ ಹಿರಿತನವನ್ನು ಸೇರಿದ ದಿನಾಂಕದಿಂದ ಎಣಿಸುವುದರಿಂದ ಆ ಐದು ತಿಂಗಳ ನಷ್ಟ ಇಂದಿಗೂ ತುಂಬಿಲ್ಲ. ವರ್ಗಾವಣೆಯ ಆದೇಶ ಕೈಗೆ ಬಂದ ದಿನವೇ ಲಾಗ್‌ಬುಕ್ ಮುಗಿಸಿಕೊಳ್ಳಿ.

ವೈದ್ಯಕೀಯ ಪರೀಕ್ಷೆಯನ್ನು ಬಿಡುಗಡೆಯ ಅರ್ಜಿಗಿಂತ ಮೊದಲೇ, ಅನುಮತಿ ಪಡೆದು ಮಾಡಿಸಿಕೊಳ್ಳಬೇಕು. ವಾಣಿಜ್ಯ ಲೈಸೆನ್ಸಿಗೆ ಡಿಜಿಸಿಎಯ ಕ್ಲಾಸ್ 1 ವೈದ್ಯಕೀಯ ದರ್ಜೆ ಅಗತ್ಯ. ಅದಕ್ಕೆ ಮೊದಲು ಕ್ಲಾಸ್ 2 ಆಗಿರಬೇಕು. ಸೇನೆಯ ವೈದ್ಯಕೀಯ ದರ್ಜೆ ಇದ್ದ ಮಾತ್ರಕ್ಕೆ ನಾಗರಿಕ ದರ್ಜೆ ತಾನಾಗಿ ದೊರೆಯುವುದಿಲ್ಲ. ಅಪಾಯದ ವೇಳೆ ಸೀಟಿನೊಂದಿಗೆ ವಿಮಾನದಿಂದ ಹೊರಚಿಮ್ಮುವ ಇಜೆಕ್ಷನ್ನಿನಲ್ಲಿ ಬೆನ್ನುಮೂಳೆಗೆ ಪೆಟ್ಟಾದವರು, ರಕ್ತದೊತ್ತಡಕ್ಕೆ ಔಷಧ ತೆಗೆದುಕೊಳ್ಳುವವರು ಹಳೆಯ ವರದಿಗಳನ್ನೆಲ್ಲ ಜತೆಗೆ ಒಯ್ಯಬೇಕು. ನಮಗೆ ಹತ್ತಿರದ ದೊಡ್ಡ ಕೇಂದ್ರ ಬೆಂಗಳೂರಿನ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ.

ಪರೀಕ್ಷೆಗಳು ಏರ್ ನ್ಯಾವಿಗೇಷನ್, ಹವಾಮಾನ, ಏರ್ ರೆಗ್ಯುಲೇಷನ್ಸ್ ಮತ್ತು ತಾಂತ್ರಿಕ ವಿಷಯಗಳಲ್ಲಿ ಇರುತ್ತವೆ. ಉತ್ತೀರ್ಣರಾಗಲು ಶೇಕಡಾ 70 ಅಂಕ ಬೇಕು. ಸೇನಾ ಪೈಲಟ್‌ಗಳಿಗೆ ಕೆಲವು ವಿನಾಯಿತಿಗಳು ಇರುತ್ತವೆ, ಆದರೆ ನಿಯಮಗಳು ಆಗಾಗ ತಿದ್ದುಪಡಿಯಾಗುತ್ತಿರುವುದರಿಂದ ಹಿರಿಯರು ಹೇಳಿದ್ದನ್ನು ನಂಬದೆ ಅರ್ಜಿ ಹಾಕುವ ದಿನ ಜಾರಿಯಲ್ಲಿರುವ ನಿಯಮವನ್ನೇ ಓದಬೇಕು. ನಮ್ಮವರು ಎಡವುವುದು ಹೆಚ್ಚಾಗಿ ಏರ್ ರೆಗ್ಯುಲೇಷನ್ಸ್‌ನಲ್ಲಿ, ಏಕೆಂದರೆ ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ನಿಯಮಗಳನ್ನು ಸೇನೆಯಲ್ಲಿ ದಿನನಿತ್ಯ ಬಳಸುವ ಸಂದರ್ಭ ಕಡಿಮೆ. ರೇಡಿಯೊ ಸಂಭಾಷಣೆಯ ಆರ್‌ಟಿಆರ್ ಪರೀಕ್ಷೆಯನ್ನು ಹಿಂದೆ ದೂರಸಂಪರ್ಕ ಇಲಾಖೆ ನಡೆಸುತ್ತಿತ್ತು; 2025ರ ಜನವರಿ 1ರಂದು ಜಾರಿಗೆ ಬಂದ ಭಾರತೀಯ ವಾಯುಯಾನ ಅಧಿನಿಯಮ ಆ ಹೊಣೆಯನ್ನು ವಿಮಾನಯಾನ ಇಲಾಖೆಯ ಕಡೆಗೆ ತಂದಿದೆ. ಹಳೆಯ ಟಿಪ್ಪಣಿಗಳನ್ನು ಇಟ್ಟುಕೊಂಡು ಓದುವವರು ಇದನ್ನು ಗಮನಿಸಬೇಕು.

ವಾಣಿಜ್ಯ ಪೈಲಟ್ ಲೈಸೆನ್ಸಿಗೆ 200 ಗಂಟೆ, ಅದಕ್ಕೂ ಮೇಲಿನ ಏರ್‌ಲೈನ್ ಟ್ರಾನ್ಸ್‌ಪೋರ್ಟ್ ಪೈಲಟ್ ಲೈಸೆನ್ಸಿಗೆ (ಎಟಿಪಿಎಲ್) 1500 ಗಂಟೆ ಹಾರಿರಬೇಕು. ಸಾರಿಗೆ ವಿಮಾನದವರಿಗೆ 1500 ಕಷ್ಟವಲ್ಲ. ಯುದ್ಧವಿಮಾನದ ಒಂದು ಸಾರ್ಟಿ, ಅಂದರೆ ಒಂದು ಬಾರಿಯ ಹಾರಾಟ, ಹಲವು ಬಾರಿ ಒಂದು ಗಂಟೆಯ ಆಸುಪಾಸಿನಲ್ಲೇ ಮುಗಿಯುವುದರಿಂದ ಅಷ್ಟೇ ವರ್ಷ ಸೇವೆ ಮಾಡಿದ ಫೈಟರ್ ಪೈಲಟ್‌ನ ಒಟ್ಟು ಗಂಟೆಗಳು ಕಡಿಮೆ ಇರುತ್ತವೆ; ಮಿರಾಜ್ 2000, ತೇಜಸ್‌ನಂಥ ಒಂದೇ ಎಂಜಿನ್ನಿನ ವಿಮಾನ ಹಾರಿಸಿದವರು ಎರಡು ಎಂಜಿನ್ನಿನ ವಿಮಾನದಲ್ಲಿ ಬೇರೆಯಾಗಿ ತರಬೇತಿ ಪಡೆಯಬೇಕಾಗುತ್ತದೆ. ಹೆಲಿಕಾಪ್ಟರ್ ಲೈಸೆನ್ಸ್ ಪ್ರತ್ಯೇಕವಾದದ್ದು. ಚೀತಾ, ಎಂಐ‑17 ಹಾರಿಸಿದವರು ವಿಮಾನಕ್ಕೆ ಬದಲಾಗಲು ಸಮಯ ಮತ್ತು ಹಣ ಎರಡನ್ನೂ ವ್ಯಯಿಸುವ ಬದಲು, ಮುಂಬೈ ಕಡಲಾಚೆಯ ತೈಲ ನೆಲೆಗಳ ಸೇವೆ ಅಥವಾ ಕೇದಾರನಾಥದ ಯಾತ್ರಾ ಸೇವೆಯಲ್ಲಿ ತಮ್ಮ ಅನುಭವಕ್ಕಿರುವ ಬೆಲೆಯನ್ನು ಮೊದಲು ವಿಚಾರಿಸುವುದು ಒಳ್ಳೆಯದು.

ಲೈಸೆನ್ಸಿಗೆ ಇತ್ತೀಚಿನ ತಿಂಗಳುಗಳಲ್ಲಿ ಹಾರಿದ ಗಂಟೆಗಳೂ ಬೇಕಾಗುವುದರಿಂದ ಸೇವೆಯ ಕೊನೆಯ ವರ್ಷ ಕಚೇರಿಯ ಹುದ್ದೆಗೆ ಹೋಗದಿರಲು ಸಾಧ್ಯವಾದಷ್ಟು ಪ್ರಯತ್ನಿಸಿ. ಅವಧಿಗೆ ಮುನ್ನ ಬಿಡುಗಡೆ ಕೋರುವವರು ಅನುಮತಿ ಲಿಖಿತವಾಗಿ ಕೈಸೇರುವ ಮೊದಲು ಯಾವ ಕಂಪನಿಗೂ ಸೇರುವ ದಿನಾಂಕ ಕೊಡಬಾರದು.

ಹಣದ ಲೆಕ್ಕವನ್ನು ಮನೆಯವರ ಎದುರಿಗೇ ಹಾಕಬೇಕು. ಏರ್‌ಬಸ್ ಎ320 ಅಥವಾ ಬೋಯಿಂಗ್ 737ರ ಟೈಪ್ ರೇಟಿಂಗ್‌ಗೆ, ಅಂದರೆ ಆ ಮಾದರಿಯನ್ನು ಹಾರಿಸುವ ಅರ್ಹತೆಗೆ, ಹಲವು ಲಕ್ಷ ರೂಪಾಯಿ ಬೇಕು. ಕಂಪನಿಯೇ ಆ ವೆಚ್ಚ ಭರಿಸಿದರೆ ಇಂತಿಷ್ಟು ವರ್ಷ ಬಿಟ್ಟುಹೋಗಬಾರದೆಂಬ ಬಾಂಡ್ ಇರುತ್ತದೆ. 2017ರ ಡಿಜಿಸಿಎ ನಿಯಮದಂತೆ ಕೆಲಸ ಬಿಡಲು ಕ್ಯಾಪ್ಟನ್ 12 ತಿಂಗಳು, ಸಹಪೈಲಟ್ 6 ತಿಂಗಳು ಮೊದಲೇ ನೋಟಿಸ್ ಕೊಡಬೇಕು. ಬಿಡುಗಡೆಯಿಂದ ಮೊದಲ ಪೂರ್ಣ ಸಂಬಳದವರೆಗೆ ಒಂದು ವರ್ಷ ಹಿಡಿಯಬಹುದೆಂದು ಎಣಿಸಿ ಮನೆಖರ್ಚನ್ನು ಬೇರೆಯಾಗಿಯೇ ತೆಗೆದಿರಿಸಿ. ತೋಟದ ಅಡಿಕೆಯ ಆದಾಯವನ್ನು ಈ ಲೆಕ್ಕಕ್ಕೆ ಸೇರಿಸಬೇಡಿ, ಏಕೆಂದರೆ ಕೊಳೆರೋಗ ಬಂದ ವರ್ಷ ಆ ಆದಾಯವೂ ಕೈಕೊಡುತ್ತದೆ.

ಕೆಲಸ ಸಿಕ್ಕಿದ ಮೇಲೆ ವಿಂಗ್ ಕಮಾಂಡರ್ ಆಗಿದ್ದವರೂ ಸಹಪೈಲಟ್‌ನ ಬಲಗಡೆಯ ಸೀಟಿನಲ್ಲಿ, ವಯಸ್ಸಿನಲ್ಲಿ ತಮಗಿಂತ ಹತ್ತು ವರ್ಷ ಕಿರಿಯನಾದ ಕ್ಯಾಪ್ಟನ್‌ನ ಪಕ್ಕ ಕುಳಿತುಕೊಳ್ಳಬೇಕಾಗಬಹುದು. ಇದು ಅವಮಾನವಲ್ಲ. ಒಬ್ಬನೇ ನಿರ್ಧಾರ ತೆಗೆದುಕೊಂಡು ಅಭ್ಯಾಸವಾದವನಿಗೆ ಪ್ರತಿ ಹೆಜ್ಜೆಯನ್ನೂ ಬಾಯಿಬಿಟ್ಟು ಹೇಳಿ, ಇನ್ನೊಬ್ಬನಿಂದ ಪರಿಶೀಲಿಸಿಕೊಂಡು ಮುಂದುವರಿಯುವ ಇಬ್ಬರ ಕಾಕ್‌ಪಿಟ್ ನಿಜವಾಗಿಯೂ ಹೊಸ ವಿದ್ಯೆ. ಸಿಮ್ಯುಲೇಟರ್ ಪರೀಕ್ಷೆಯಲ್ಲಿ ಇದನ್ನೇ ಹೆಚ್ಚಾಗಿ ನೋಡುತ್ತಾರೆ.

ವಿಮಾನ ಕಂಪನಿಯೊಂದೇ ದಾರಿಯಲ್ಲ. ರಾಕೇಶ್ ಶರ್ಮಾ ವಾಯುಪಡೆಯ ನಂತರ ವಿಮಾನ ತಯಾರಿಸುವ ಸರಕಾರಿ ಕಂಪನಿ ಎಚ್‌ಎಎಲ್‌ನಲ್ಲಿ ಪರೀಕ್ಷಾ ಪೈಲಟ್ ಆಗಿ ಮುಂದುವರಿದರು. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 1997ರಲ್ಲಿ ಹೆಲಿಕಾಪ್ಟರ್ ಕಂಪನಿ ಡೆಕ್ಕನ್ ಏವಿಯೇಷನ್ ಕಟ್ಟಿದಾಗ ಸೇನೆಯಲ್ಲಿ ಹೆಲಿಕಾಪ್ಟರ್ ಹಾರಿಸಿದ್ದ ಕ್ಯಾಪ್ಟನ್ ಸ್ಯಾಮ್ಯುಯೆಲ್ ಗೋಪಿನಾಥರ ಜತೆಗಿದ್ದರು. ಹಾರಾಟ ತರಬೇತಿ ಶಾಲೆಗಳು, ಸಿಮ್ಯುಲೇಟರ್ ಕೇಂದ್ರಗಳು ಮತ್ತು ವಿಮಾನ ಸುರಕ್ಷತಾ ವಿಭಾಗಗಳು ಬೋಧಕರಾಗಿದ್ದ ಅಧಿಕಾರಿಗಳನ್ನು ಹುಡುಕುತ್ತಿರುತ್ತವೆ. ಊರಲ್ಲೇ ಇರಬೇಕೆನ್ನುವವರಿಗೆ 2021ರ ಡ್ರೋನ್ ನಿಯಮಗಳ ಅಡಿಯಲ್ಲಿ ತರಬೇತುದಾರರಾಗುವ ಅವಕಾಶವಿದೆ. ನಮ್ಮ ಸೀತಾಂಗೋಳಿಯಲ್ಲಿಯೇ ಎಚ್‌ಎಎಲ್‌ನ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ಇದೆ, ಆದರೆ ಅಲ್ಲಿ ಪೈಲಟ್‌ಗಿಂತ ಎಂಜಿನಿಯರ್‌ಗೆ ಹೆಚ್ಚು ಕೆಲಸವಿರುವುದು ಸಹಜ. ಹಾರಾಟವನ್ನೇ ಬಿಟ್ಟು ಆಡಳಿತದ ಕಡೆ ಹೊರಳುವವರಿಗೆ ಸೈನಿಕರ ಪುನರ್ವಸತಿ ಮಹಾನಿರ್ದೇಶನಾಲಯ ಐಐಎಂಗಳಲ್ಲಿ ನಡೆಸುವ ಕೋರ್ಸುಗಳಿವೆ; ಅವಕ್ಕೆ ಸೇವೆಯಲ್ಲಿರುವಾಗಲೇ ಹೆಸರು ನೋಂದಾಯಿಸಬೇಕು.

ಬಿಡುಗಡೆಯ ಪತ್ರ ಕೈಗೆ ಬಂದ ಮೇಲೆ ಕಾಸರಗೋಡಿನ ಜಿಲ್ಲಾ ಸೈನಿಕ ಕ್ಷೇಮ ಕಚೇರಿಗೆ ಹೋಗಿ ಮಾಜಿ ಸೈನಿಕರಾಗಿ ನೋಂದಾಯಿಸಿಕೊಳ್ಳಿ. ಕೆಲಸದ ಕಾರಣದಿಂದ ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಮನೆ ಮಾಡುವುದಾದರೆ, ಮಕ್ಕಳ ಶಿಕ್ಷಣಕ್ಕೆ ಸಿಗುವ ಸವಲತ್ತುಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗಿರುವುದರಿಂದ, ಹೆಸರನ್ನು ಯಾವ ಜಿಲ್ಲೆಯಲ್ಲಿ ಇಡಬೇಕೆಂದು ಶಾಲಾ ವರ್ಷ ಆರಂಭವಾಗುವ ಮೊದಲೇ ತೀರ್ಮಾನಿಸಿ ವರ್ಗಾವಣೆಗೆ ಅರ್ಜಿ ಕೊಡಬೇಕು.